ಭತ್ತದ ಗದ್ದೆಗೆ ನೇಪಿಯರ್ ಹಾಕೋಕೆ ಎರಡು ಸಲ ರೋಟವೇಟರ್ ಹೊಡೆಸಿದರೆ ಸಾಕಾ?

ಪಾಂಡವಪುರದ ಗದ್ದೆ · ಫೆಬ್ರವರಿ 11

ಎಲ್ಲರಿಗೂ ನಮಸ್ಕಾರ. ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗೆ 2 ಎಕರೆ 10 ಗುಂಟೆ. ತಾತನ ಕಾಲದಿಂದ ಭತ್ತ ಬಿಟ್ಟು ಬೇರೆ ಬೆಳೆ ಕಂಡಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ನಾಲೆ ನೀರು ಸಾಲದೆ ಹೋಯ್ತಲ್ಲ, ಆವಾಗಿಂದ ಭತ್ತದ ಮೇಲಿನ ಧೈರ್ಯ ಹೋಗಿದೆ. ಈಗ ಹುಲ್ಲಿನಿಂದ ಗ್ಯಾಸ್ ತೆಗೆಯೋ ಘಟಕದವರು ಊರಿಗೆ ಬಂದಿದ್ದರು. ಸೀಮೆಹುಲ್ಲು (ನೇಪಿಯರ್) ಹಾಕಿ, ಹೈಬ್ರಿಡ್ ತಳಿ ಕಡ್ಡಿ ನಾವೇ ಕೊಡ್ತೀವಿ, 5 ವರ್ಷ ನಾವೇ ಕೊಯ್ದುಕೊಂಡು ಹೋಗ್ತೀವಿ ಅಂತಾರೆ. ಜಮೀನು ತಯಾರಿ ಹೇಗೆ ಅಂತ ಕೇಳಿದ್ದಕ್ಕೆ "ಎರಡು ಸಲ ರೋಟವೇಟರ್ ಹೊಡೆಸಿ ಮಣ್ಣು ಪುಡಿ ಮಾಡಿಸಿ ಕಡ್ಡಿ ಊರಿ, ಸೀಮೆಹುಲ್ಲಿಗೆ ಇನ್ನೇನು ಬೇಕು" ಅಂದರು.

ನನ್ನ ಮನಸ್ಸು ಒಪ್ತಿಲ್ಲ. ಪಕ್ಕದ ಗದ್ದೆಯವರು ಹೋದ ವರ್ಷ ಹಾಗೇ ಮಾಡಿದರು. ಹದಿನೈದು ದಿನಕ್ಕೆ ಸೊಗಸಾಗಿ ಚಿಗುರಿತ್ತು. ಎರಡು ತಿಂಗಳಾಗೋ ಹೊತ್ತಿಗೆ ಹಳದಿಯಾಗಿ, ಅಲ್ಲಲ್ಲಿ ಬುಡಸಮೇತ ಒಣಗಿ ಹೋಯ್ತು. ನೀರಿಗೇನೂ ಕಮ್ಮಿ ಮಾಡಿರಲಿಲ್ಲ. ಹಸುಗಳಿಗೆ ಅಂತ ಬದುವಿನ ಮೇಲೆ ಹತ್ತಿಪ್ಪತ್ತು ಬುಡ ಬೆಳೆಸಿ ಗೊತ್ತೇ ಹೊರತು ಎರಡೆರಡು ಎಕರೆ ಒಟ್ಟಿಗೆ ಹಾಕಿ ಅಭ್ಯಾಸವಿಲ್ಲ. ಮಾಡಿ ನೋಡಿದವರು ಹೇಳಿ.

ಮಳವಳ್ಳಿ ಕಬ್ಬು · ಫೆಬ್ರವರಿ 11

ತಮ್ಮಾ, ಟ್ರ್ಯಾಕ್ಟರ್‌ನವನಿಗೆ ಫೋನ್ ಮಾಡೋಕೆ ಮುಂಚೆ ಗುದ್ದಲಿ, ಹಾರೆ ತಗೊಂಡು ಗದ್ದೆಗೆ ಹೋಗು. ಮೂರು ಕಡೆ ಮೊಳದುದ್ದ ಗುಂಡಿ ತೋಡು. ಗುಂಡಿಯ ಗೋಡೆಯನ್ನ ಚಾಕುವಿನಿಂದ ಮೇಲಿಂದ ಕೆಳಕ್ಕೆ ಚುಚ್ಚಿಕೊಂಡು ಬಾ. ಎಲ್ಲೋ ಒಂದು ಕಡೆ ಚಾಕು ನಿಂತೋಗುತ್ತೆ. ಅದೇ ಪಕ್ಕದವರ ಹುಲ್ಲನ್ನ ಕೊಂದಿರೋದು.

ಕೆಸರುಗದ್ದೆ ಉಳೋದೇ ನೀರು ಇಂಗದೆ ನಿಲ್ಲಲಿ ಅಂತ. ತಾತ ಎತ್ತು ಕಟ್ಟಿ ತುಳಿಸಿದ್ರು, ಅಪ್ಪ ಟಿಲ್ಲರ್ ಓಡಿಸಿದ್ರು, ನೀನು ಟ್ರ್ಯಾಕ್ಟರಿಗೆ ಕೇಜ್‌ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿದೆ. ಮೂರು ತಲೆಮಾರು ಸೇರಿ ಒಂದು ಗಟ್ಟಿ ಪದರ ಕಟ್ಟಿದೀರಿ. ಭತ್ತಕ್ಕೆ ಅದು ಬೇಕು. ಭತ್ತ ಮೇಲಿನ ಅರ್ಧ ಅಡಿ ಕೆಸರಲ್ಲೇ ಸಂಸಾರ ಮಾಡೋ ಬೆಳೆ. ಸೀಮೆಹುಲ್ಲು ಹಾಗಲ್ಲ, ನೀರು ಬೇಕು ಅನ್ನುತ್ತೆ, ಆದರೆ ಕಾಲ ಕೆಳಗೆ ನೀರು ನಿಂತರೆ ಸಾಯುತ್ತೆ.

ಹದಿನೈದು ದಿನಕ್ಕೆ ಚಿಗುರಿತು ಅಂದ್ಯಲ್ಲ, ಅದನ್ನ ನಂಬಬೇಡ. ಕಡ್ಡಿ ಚಿಗುರೋದು ಗೆಣ್ಣೊಳಗೆ ಕೂಡಿಟ್ಟಿರೋ ಸಕ್ಕರೆಯ ಬಲದಿಂದ, ಮಣ್ಣಿನ ಬಲದಿಂದಲ್ಲ. ಕಬ್ಬಿನ ತುಂಡೂ ಅಷ್ಟೇ. ಆ ಗಂಟು ಖರ್ಚಾಗೋದರೊಳಗೆ ಹೊಸ ಬೇರು ಕೆಳಕ್ಕೆ ಇಳಿದು ಸಂಪಾದನೆ ಶುರು ಮಾಡಬೇಕು. ಕೆಳಗೆ ಚಪ್ಪಡಿ ಇದ್ದರೆ ಎಲ್ಲಿಗೆ ಇಳೀತದೆ? ಅಡ್ಡಕ್ಕೆ ಹರಿದುಕೊಂಡು ಹೋಗುತ್ತೆ. ಮಳೆ ಬಂದರೆ ಕೊಳೀತದೆ, ಮಳೆ ಹೋದರೆ ಬಾಡ್ತದೆ.

ಕೆ.ಆರ್.ಪೇಟೆ ಟ್ರ್ಯಾಕ್ಟರ್ · ಫೆಬ್ರವರಿ 12

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ರೋಟವೇಟರ್ ಬಾಡಿಗೆಗೆ ಓಡಿಸೋನು. ಅದು ಕೆಲಸ ಮಾಡೋದು ನಾಲ್ಕೈದು ಇಂಚು ಮಾತ್ರ. ಮೇಲೆ ನೋಡೋಕೆ ಹಿಟ್ಟಿನ ಹಾಗೆ ಕಾಣುತ್ತೆ, ರೈತರಿಗೂ ತೃಪ್ತಿ, ನಮಗೂ ಬೇಗ ಮುಗಿಯುತ್ತೆ. ಕೆಳಗೆ ಮಾತ್ರ ಬ್ಲೇಡು ನೆಲವನ್ನ ಸವರಿಕೊಂಡು ಹೋಗಿರುತ್ತೆ. ಹಸಿ ಇದ್ದಾಗ ಓಡಿಸಿದರಂತೂ ಗಾರೆ ನೆಲದ ಥರ ನುಣುಪು. ಇರೋ ಪದರದ ಮೇಲೆ ಇನ್ನೊಂದು ಪದರ.

ನಿಮಗೆ ಬೇಕಾಗಿರೋದು ಸಬ್‌ಸಾಯಿಲರ್. ಒಂದೇ ಹಲ್ಲು, ಒಂದೂವರೆ ಅಡಿ ಇಳಿಯುತ್ತೆ, ಮಣ್ಣು ಮಗುಚಲ್ಲ, ಒಳಗಿಂದ ಸೀಳುತ್ತೆ. ಸಣ್ಣ ಟ್ರ್ಯಾಕ್ಟರ್ ಎಳೆಯಲ್ಲ, 45–50 ಎಚ್‌ಪಿ ಮೇಲೆ ಬೇಕು. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ.

ಮುಖ್ಯವಾದ ಮಾತು: ಒಣ ನೆಲದಲ್ಲೇ ಹೊಡೆಸಿ. ನೆಲ ಒಣಗಿದ್ದರೆ ಆ ಪದರ ಬಿಸ್ಕತ್ತಿನ ಹಾಗೆ ಒಡೆದು ಎರಡೂ ಕಡೆಗೆ ಬಿರುಕು ಓಡುತ್ತೆ. ಹಸಿ ಇದ್ದರೆ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಒಂದು ಗೆರೆ ಬೀಳುತ್ತೆ, ಮೊದಲ ಮಳೆಗೇ ಮುಚ್ಚಿಕೊಳ್ಳುತ್ತೆ. ಮಾರ್ಚ್–ಏಪ್ರಿಲ್ ಬಿಟ್ಟರೆ ನಾಲೆ ಕೆಳಗಿನ ಗದ್ದೆಗೆ ಬೇರೆ ಕಾಲವಿಲ್ಲ. ಒಂದು ಹಿಡಿ ಮಣ್ಣನ್ನ ಒಂದು ಅಡಿ ಆಳದಿಂದ ತೆಗೆದು ಮುಷ್ಟಿಯಲ್ಲಿ ಅಮುಕಿ ನೋಡಿ. ಉಂಡೆ ಆಗದೆ ಪುಡಿಯಾದರೆ ಗಾಡಿ ಕರೆಸಿ. ಉಂಡೆಯಾಗಿ ಹೆಬ್ಬೆರಳಿಗೆ ಅಂಟಿದರೆ ಇನ್ನೂ ವಾರ ಕಾಯಿರಿ.

ನಾಗಮಂಗಲದ ಹೈನು · ಫೆಬ್ರವರಿ 12

ನಮ್ಮ ಕಡೆ ಕೆಂಪು ಮಣ್ಣು, ಮಳೆ ಆಶ್ರಯ, ಒಂದು ಬೋರು. ನಿಮ್ಮ ಕಷ್ಟವೇ ಬೇರೆ, ನಮ್ಮದೇ ಬೇರೆ. ಆದರೂ ಬರೀತೀನಿ, ಯಾಕಂದ್ರೆ ಓದೋರಲ್ಲಿ ಹೊಲದವರೂ ಇರ್ತಾರೆ.

ಡೇರಿ ಹಸುಗಳಿಗೆ ಅಂತ 30 ಗುಂಟೆ ಹಾಕಿದಾಗ ನಾಲ್ಕು ಸಲ ರೋಟವೇಟರ್ ಹೊಡೆಸಿದೆ. ರಾಗಿ ಹಿಟ್ಟಿಗಿಂತ ನುಣ್ಣಗಾಯ್ತು. ಮೇ ತಿಂಗಳ ಒಂದೇ ಒಂದು ಜೋರು ಮಳೆ, ಮರುದಿನದ ಬಿಸಿಲು, ಅಷ್ಟೇ. ಹೊಲದ ಮೇಲೆ ಹೆಂಚಿನಂಥ ಪೊರೆ ಕಟ್ಟಿತು. ಇಳಿಜಾರಲ್ಲಿ ಕಡ್ಡಿಯ ಬುಡದ ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ಬೇರು ಗಾಳಿಗೆ ನಿಂತಿತ್ತು. ಕೆಂಪು ಮಣ್ಣನ್ನ ಪುಡಿ ಮಾಡಿದಷ್ಟೂ ಕೆಡುತ್ತೆ ಅನ್ನೋದು ಆವತ್ತು ತಿಳೀತು. ಆಮೇಲೆ ಎರಡನೇ ಸಲ ಒಂದು ಉಳುಮೆ, ಒಂದು ಕುಂಟೆ, ನಿಂಬೆಹಣ್ಣಿನ ಗಾತ್ರದ ಹೆಂಟೆ ಹಾಗೇ ಬಿಟ್ಟು, ಇಳಿಜಾರಿಗೆ ಅಡ್ಡಲಾಗಿ ಸಾಲು ತೆಗೆಸಿದೆ. ನಿಂತಿತು.

ಆದರೆ ನನಗೆ ಹೆಚ್ಚು ನಷ್ಟ ಮಾಡಿದ್ದು ಗರಿಕೆ. ಅದನ್ನ ಯಾರೂ ಮೊದಲು ಹೇಳಲಿಲ್ಲ. ರೋಟವೇಟರ್ ಗರಿಕೆಯನ್ನ ಕೊಲ್ಲಲ್ಲ, ಕತ್ತರಿಸಿ ಹೊಲದ ತುಂಬ ಬಿತ್ತುತ್ತೆ. ಒಂದೊಂದು ಗೆಣ್ಣೂ ಒಂದೊಂದು ಗಿಡ. ಬದುವಿನ ಅಂಚಲ್ಲಿ ಇದ್ದದ್ದು ನಡು ಹೊಲಕ್ಕೆ ಬಂತು. ನೇಪಿಯರ್ ಎದೆಮಟ್ಟ ಬಂದಮೇಲೆ ನೆರಳಿಗೆ ಗರಿಕೆ ಸೋಲುತ್ತೆ, ನಿಜ. ಮೊದಲ ಎರಡು ತಿಂಗಳು ನೇಪಿಯರ್ ಇನ್ನೂ ಕೂಸು. ಆಗ ಗೊಬ್ಬರ, ನೀರು ಎರಡನ್ನೂ ಗರಿಕೆಯೇ ತಿಂತು. ಕಳೆ ಕೀಳೋಕೆ ಆಳು ಕರೆದು ಕರೆದು ಸಾಕಾಯ್ತು. ರಾಗಿಯಾದರೆ ಮುಂದಿನ ವರ್ಷ ಉತ್ತು ಸರಿ ಮಾಡ್ಕೋಬಹುದು. ಇದು ವರ್ಷಗಟ್ಟಲೆ ನಿಲ್ಲೋ ಬೆಳೆ, ಒಳಗೆ ಉಳೋಕೆ ಆಗಲ್ಲ. ಗರಿಕೆ, ಜೇಕು ಇದ್ದರೆ ನಾಟಿ ಮುಂಚೆ ಕಳೀರಿ ಅಣ್ಣ. ಬೇಸಿಗೇಲಿ ಬೇರೆತ್ತಿ ಬಿಸಿಲಿಗೆ ಹಾಕಿ, ಕಲ್ಟಿವೇಟರಿಗೆ ಸಿಕ್ಕಿದ್ದನ್ನ ಆರಿಸಿ ಹೊಲದ ಆಚೆ ಸುಡಿ.

ಸಹಜ ಬೇಸಾಯ, ತಿ. ನರಸೀಪುರ · ಫೆಬ್ರವರಿ 13

ಎಲ್ಲರೂ ಉಳುಮೆ ಉಳುಮೆ ಅಂತಿದ್ದೀರಿ. ಉತ್ತಷ್ಟೂ ಮಣ್ಣಿನ ಇಂಗಾಲ ಗಾಳಿಗೆ ಹೋಗುತ್ತೆ. ಎರೆಹುಳು ಸಾಯುತ್ತೆ. ಪರಿಸರಕ್ಕೆ ಅಂತ ಹುಲ್ಲಿನ ಗ್ಯಾಸ್ ಮಾಡೋರು ನೆಲವನ್ನ ಒಂದೂವರೆ ಅಡಿ ಸೀಳೋದು ನನಗೆ ಸರಿ ಕಾಣಲ್ಲ. ಭತ್ತದ ಕೂಳೆಯ ನಡುವೆ ಹಾರೆಯಿಂದ ತೂತು ಮಾಡಿ ಕಡ್ಡಿ ಊರಿ, ಮೇಲೆ ಹುಲ್ಲು ಮುಚ್ಚಿ. ಹುಲ್ಲಿನ ಬೇರೇ ಉಳುಮೆಯ ಕೆಲಸ ಮಾಡುತ್ತೆ.

ಮಳವಳ್ಳಿ ಕಬ್ಬು · ಫೆಬ್ರವರಿ 13

ಒಳ್ಳೇ ಮಣ್ಣಲ್ಲಿ ನಿಮ್ಮ ಮಾತು ನಡೀತದೆ ಸ್ವಾಮಿ. ಚಪ್ಪಡಿ ಮೇಲೆ ನಡೆಯಲ್ಲ. ಹಾರೆ ತೂತು ಮಳೆ ಬಂದಾಗ ಒಂದೊಂದು ಲೋಟ ಆಗುತ್ತೆ, ನೀರು ತುಂಬಿ ನಿಲ್ಲುತ್ತೆ. ಕಡ್ಡಿ ಅದರೊಳಗೆ ಕೊಳೀತದೆ. ನನ್ನ ಕಣ್ಣಾರೆ ಕಂಡಿದ್ದು.

ಕುವೆಂಪುನಗರದಿಂದ ಇಲಿನಾಯ್‌ಗೆ · ಫೆಬ್ರವರಿ 14

ಮೈಸೂರಿನವನು, ಈಗ ಅಮೆರಿಕದಲ್ಲಿ ಇಂಧನ ಹುಲ್ಲುಗಳ ಮೇಲೆಯೇ ಕೆಲಸ. ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಇಲ್ಲಿ ಎರಡು ಹುಲ್ಲು ಮುಖ್ಯ. ಒಂದು ಸ್ವಿಚ್‌ಗ್ರಾಸ್, ಈ ನೆಲದ್ದೇ ಹುಲ್ಲು. 1990ರ ದಶಕದ ಆರಂಭದಲ್ಲಿ ಅಮೆರಿಕದ ಇಂಧನ ಇಲಾಖೆ ಇದನ್ನು ಮಾದರಿ ಇಂಧನ ಹುಲ್ಲು ಎಂದು ಆರಿಸಿಕೊಂಡಿತು. ಇನ್ನೊಂದು ಮಿಸ್ಕ್ಯಾಂಥಸ್, ಏಷ್ಯಾ ಮೂಲದ ಮಿಶ್ರತಳಿ, ಬೀಜ ಕಟ್ಟುವುದಿಲ್ಲ, ನೆಲದೊಳಗಿನ ಗೆಡ್ಡೆಬೇರನ್ನು ತುಂಡು ಮಾಡಿ ನೆಡಬೇಕು. ನಮ್ಮ ನೇಪಿಯರ್ ಹಾಗೆ ಇದರದ್ದೂ ತುಂಡಿನಿಂದಲೇ ವಂಶ.

ಸ್ವಿಚ್‌ಗ್ರಾಸ್ ಬೀಜ ಬಹಳ ಸಣ್ಣದು. ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಆಳಕ್ಕೆ ಬಿದ್ದರೆ ಮೊಳಕೆ ಮೇಲೆ ಬರುವುದು ಕಷ್ಟ. ಅದಕ್ಕೆ ಮಣ್ಣು ಸಡಿಲವಾಗಿರಬಾರದು. ಇಲ್ಲಿನ ರೈತರ ಪರೀಕ್ಷೆ ಬಹಳ ಸರಳ: ಹೊಲದಲ್ಲಿ ನಡೆದಾಗ ಬೂಟಿನ ಗುರುತು ಮೂಡಬೇಕು, ಬೂಟು ಹೂತುಹೋಗಬಾರದು. ಹೂತುಹೋದರೆ ರೋಲರ್ ಎಳೆದು ಅದುಮುತ್ತಾರೆ, ಆಮೇಲೆ ಬಿತ್ತುತ್ತಾರೆ. ಮಿಸ್ಕ್ಯಾಂಥಸ್ ತುಂಡನ್ನು ಸುಮಾರು 10 ಸೆಂಟಿಮೀಟರ್ ಆಳದಲ್ಲಿ ಇಟ್ಟ ಮೇಲೂ ರೋಲರ್ ಎಳೆಯುತ್ತಾರೆ. ತುಂಡಿನ ಸುತ್ತ ಪೊಳ್ಳು ಇದ್ದರೆ ಅದು ಬೇರು ಬಿಡುವ ಮೊದಲೇ ಒಣಗುತ್ತದೆ. ಅಂದರೆ ಕೆಳಗೆ ಬಿರುಕು, ಮೇಲೆ ಬಿಗಿ, ಇವೆರಡೂ ಒಟ್ಟಿಗೆ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಇದಕ್ಕೆ ತಿರುಗು ಮುರುಗು: ಮೇಲೆ ಪುಡಿ, ಕೆಳಗೆ ಕಲ್ಲು.

ಉಳದೆ ಬಿತ್ತುವ ಬಗ್ಗೆ ತಿ. ನರಸೀಪುರದ ಸರ್ ಹೇಳಿದ್ದು ಬರಿ ಆದರ್ಶವಲ್ಲ. ಇಲ್ಲಿ ಸೋಯಾ ಕೊಯ್ದ ಹೊಲಕ್ಕೆ ಉಳುಮೆ ಇಲ್ಲದೆ ಸ್ವಿಚ್‌ಗ್ರಾಸ್ ಬಿತ್ತುತ್ತಾರೆ, ಚೆನ್ನಾಗಿಯೇ ಬರುತ್ತದೆ. ಇಳಿಜಾರು ಹೊಲಗಳಿಗಂತೂ ಅದೇ ಉತ್ತಮ, ಮಣ್ಣು ಕೊಚ್ಚಿಹೋಗುವುದಿಲ್ಲ. ಆದರೆ ಆ ಹೊಲದಲ್ಲಿ ಬಹುವಾರ್ಷಿಕ ಕಳೆ ಮೊದಲೇ ಹೋಗಿರುತ್ತದೆ, ಕೆಸರುಗದ್ದೆಯ ಪದರ ಇರುವುದಿಲ್ಲ. ಇಂಗಾಲದ ಲೆಕ್ಕಕ್ಕೆ ಬಂದರೆ, ವರ್ಷಕ್ಕೆ ಎರಡು ಮೂರು ಸಲ ಉಳುವ ಭತ್ತದ ಗದ್ದೆಯನ್ನು ಒಮ್ಮೆ ಸೀಳಿ ಐದು ವರ್ಷ ಮುಟ್ಟದೆ ಬಿಟ್ಟರೆ ಒಟ್ಟು ಉಳುಮೆ ಕಡಿಮೆಯೇ ಆಯಿತಲ್ಲವೇ?

ಇನ್ನೊಂದು ವಿಷಯ, ನಮ್ಮವರಿಗೆ ಒಪ್ಪಿಸುವುದು ಕಷ್ಟ. ಬಿತ್ತಿದ ವರ್ಷ ಇಲ್ಲಿ ಸ್ವಿಚ್‌ಗ್ರಾಸಿಗೆ ಸಾರಜನಕ ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಮೊದಲು ಕೊಬ್ಬುವುದು ಕಳೆ. ನೇಪಿಯರ್ ಬೇಗ ಬೆಳೆಯುವ ಹುಲ್ಲು, ಅದಕ್ಕೆ ಇಷ್ಟು ಕಟ್ಟುನಿಟ್ಟು ಬೇಡ. ಆದರೂ ನಾಟಿ ದಿನವೇ ಯೂರಿಯಾ ಎರಚಬೇಡಿ. ಮೊದಲ ಕಳೆ ತೆಗೆದು, ಬೇರು ಹಿಡಿದಿದೆ ಎಂದು ಗೊತ್ತಾದ ಮೇಲೆ ಕೊಡಿ.

ಮದ್ದೂರು ಕೊನೆಭಾಗ · ಫೆಬ್ರವರಿ 14

ಮಣ್ಣಿನ ಪಿಎಚ್ (ಹುಳಿ–ಕ್ಷಾರದ ಅಳತೆ) ನೋಡಿಸಿದ್ರಾ? ನಾಲೆ ಕೊನೆಭಾಗದಲ್ಲಿ, ತಗ್ಗಿನಲ್ಲಿ ಇದ್ದರೆ ಚೌಳು ಇರಬಹುದು. ಬೇಸಿಗೇಲಿ ನೆಲದ ಮೇಲೆ ಬೆಳ್ಳಗೆ ಹಿಟ್ಟಿನಂತೆ ಕಾಣುತ್ತೆ. ಪಿಎಚ್ 8.5 ದಾಟಿದ್ರೆ ಬರೀ ಉಳುಮೆಯಿಂದ ಏನೂ ಆಗಲ್ಲ. ಮಣ್ಣು ಪರೀಕ್ಷೆ ವರದಿ ನೋಡಿ ಜಿಪ್ಸಂ ಹಾಕಿ, ನೀರು ಕಟ್ಟಿ, ಆ ನೀರು ಹೊರಗೆ ಹೋಗೋಕೆ ಬಸಿಗಾಲುವೆ ಮಾಡಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದ್ರೆ ದುಡ್ಡು ದಂಡ. ನಮ್ಮ 20 ಗುಂಟೆ ಹಾಗೇ ಹೋಯ್ತು. ಮಣ್ಣನ್ನ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ನೋಡಿಸಿ.

ಪಾಂಡವಪುರದ ಗದ್ದೆ · ಫೆಬ್ರವರಿ 23

ಮೂರಲ್ಲ, ಐದು ಗುಂಡಿ ತೋಡಿದೆ. ಎಲ್ಲದರಲ್ಲೂ ಏಳು ಇಂಚಿಗೆ ಚಾಕು ನಿಂತಿತು. ಆ ಗಟ್ಟಿ ಪದರದ ದಪ್ಪ ಒಂದು ಗೇಣು ಹತ್ತಿರ. ಬಣ್ಣ ಬೂದಿ, ನಡುನಡುವೆ ತುಕ್ಕಿನ ಗೆರೆ. ಹಳೇ ಭತ್ತದ ಬೇರು ಒಂದೂ ಅದರೊಳಗೆ ಹೋಗಿಲ್ಲ. ಅದರ ಕೆಳಗಿನ ಮಣ್ಣು ಮೆತ್ತಗೆ, ಎಷ್ಟು ಚೆನ್ನಾಗಿದೆ ಅಂದರೆ ನೋಡಿ ಹೊಟ್ಟೆ ಉರಿಯಿತು. ಇಷ್ಟು ವರ್ಷ ಇದರ ಮೇಲೇ ಓಡಾಡಿಕೊಂಡು ಇದ್ದೆ.

ಪಕ್ಕದವರನ್ನ ಕೇಳಿಕೊಂಡು ಅವರ ಎರಡು ಬುಡ ಕಿತ್ತು ನೋಡಿದೆ. ಬೇರು ಚಾಪೆ ಹಾಸಿದ ಹಾಗೆ ಅಡ್ಡಡ್ಡ, ತುದಿ ಕಪ್ಪು. ಅವರೂ ನಿಂತು ನೋಡಿದರು, ಏನೂ ಮಾತಾಡಲಿಲ್ಲ.

ಪಿಎಚ್ 7.9 ಬಂದಿದೆ, ಚೌಳಿಲ್ಲ. ಈಗ ತೊಡಕು ಬೇರೆ. ಘಟಕದವರು ಏಪ್ರಿಲ್ ಒಳಗೆ ನಾಟಿ ಮುಗಿಸಿ ಅಂತಿದ್ದಾರೆ. ನೀವು ಹೇಳಿದ್ದೆಲ್ಲ ಮಾಡಿದರೆ ಜೂನ್ ದಾಟುತ್ತೆ.

ಮಳವಳ್ಳಿ ಕಬ್ಬು · ಫೆಬ್ರವರಿ 23

ಹುಲ್ಲು ನಿಲ್ಲೋದು ನಿನ್ನ ಗದ್ದೆಯಲ್ಲಿ, 5 ವರ್ಷ. ಎರಡು ತಿಂಗಳಿಗೆ ಯಾಕೆ ಹೆದರ್ತೀಯ? ಲೆಕ್ಕ ಹಾಕು. ಸಾಲಿಗೆ 3 ಅಡಿ, ಗಿಡಕ್ಕೆ 2 ಅಡಿ ಅಂದರೆ ಎಕರೆಗೆ 7,260 ಕಡ್ಡಿ. ಮೂರರಲ್ಲೊಂದು ಸತ್ತರೆ 2,420 ಖಾಲಿ ಜಾಗ. ಆ ಖಾಲಿಯಲ್ಲಿ ಆಮೇಲೆ ಕಡ್ಡಿ ಊರಿದರೆ ಅಕ್ಕಪಕ್ಕದ ದೊಡ್ಡ ಬುಡಗಳು ನೆರಳು ಹಾಕಿ ಅದನ್ನ ಏಳೋಕೆ ಬಿಡಲ್ಲ. ನಾಟಿಯಾದ ಮೂರು ವಾರದೊಳಗೆ ತುಂಬಿದರೆ ತುಂಬಿದ ಹಾಗೆ. ತಪ್ಪಿದರೆ ಐದು ವರ್ಷವೂ ಪ್ರತಿ ಕೊಯ್ಲಲ್ಲಿ ಆ ಜಾಗ ಖಾಲಿ.

ಒಪ್ಪಂದದ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೆ? ದಿನಾಂಕ ಬದಲಾಯಿಸಿ ಅಂತ ಈಗಲೇ ಕೇಳು.

ಕೆ.ಆರ್.ಪೇಟೆ ಟ್ರ್ಯಾಕ್ಟರ್ · ಫೆಬ್ರವರಿ 24

ಏಳು ಇಂಚಿಗೆ ಶುರುವಾಗಿ ಗೇಣು ದಪ್ಪ ಅಂದರೆ 15–16 ಇಂಚಿಗೆ ಮುಗಿಯುತ್ತೆ. ಸಬ್‌ಸಾಯಿಲರ್ 18 ಇಂಚು ಇಳಿಸಿ, ಸಾಲಿಂದ ಸಾಲಿಗೆ 3 ಅಡಿ. ಗೂಟ ಹೊಡೆದು ಗುರುತು ಇಟ್ಟುಕೊಳ್ಳಿ. ಆಮೇಲೆ ಆ ಸೀಳಿನ ಮೇಲೇ ಹುಲ್ಲಿನ ಸಾಲು ಬರಬೇಕು, ಬೇರು ಸೀದಾ ಬಿರುಕಿಗೆ ಇಳಿಯುತ್ತೆ.

ಇನ್ನೊಂದು ಮಾತು ಯಾರೂ ಎತ್ತಿಲ್ಲ. ಹುಲ್ಲು ಒಯ್ಯೋಕೆ ಬರೋ ಟ್ರೇಲರು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ಬರೀ ನೀರು, ತೂಕ ಜಾಸ್ತಿ. ಎರಡು ತಿಂಗಳಿಗೊಮ್ಮೆ, ಮಳೆಗಾಲದಲ್ಲೂ, ತುಂಬಿದ ಟ್ರೇಲರ್ ಗದ್ದೆಯೊಳಗೆ ಓಡಾಡಿದರೆ ಎರಡೇ ವರ್ಷಕ್ಕೆ ಮತ್ತೆ ಅದೇ ಚಪ್ಪಡಿ. ನಾಟಿಗೆ ಮುಂಚೆಯೇ ಎರಡು ಕಡೆ 9 ಅಡಿ ದಾರಿ ಬಿಡಿ. ಗಾಡಿ ಅಲ್ಲಿಂದ ಆಚೆ ಬರಕೂಡದು, ಹುಲ್ಲನ್ನ ಹೊತ್ತು ತಂದು ತುಂಬಲಿ. ಅದನ್ನೂ ಕಾಗದದಲ್ಲಿ ಬರೆಸಿ. ಜಾಗ ಹೋಗುತ್ತೆ ಅಂತ ಸಂಕಟಪಡಬೇಡಿ. ನಾನು ಗಾಡಿಯವನಾಗಿ ಹೇಳ್ತಿದೀನಿ, ಚಕ್ರ ಮಾಡೋ ಹಾನಿ ನೇಗಿಲು ಸರಿ ಮಾಡೋದಕ್ಕಿಂತ ಬೇಗ ಆಗುತ್ತೆ.

ನಾಗಮಂಗಲದ ಹೈನು · ಫೆಬ್ರವರಿ 24

ಅಣ್ಣ, ಸೀಳಿದ ಮೇಲೆ ಮೇ ಮಳೆ ಬಿದ್ದು ಕಳೆ ಹುಟ್ಟೋಕೆ ಬಿಡಿ. ಆತುರಪಟ್ಟು ನಾಟಿ ಮಾಡಬೇಡಿ. ಹುಟ್ಟಿದ್ದನ್ನ ಎರಡೇ ಇಂಚು ಆಳದ ಕುಂಟೆಯಲ್ಲಿ ಕೆರೆದು ಹಾಕಿ. ಆಳಕ್ಕೆ ಹೋದರೆ ಕೆಳಗಿನ ಬೀಜ ಮತ್ತೆ ಮೇಲೆ ಬರುತ್ತೆ. ಸಾಧ್ಯವಾದರೆ ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಡಯಂಚ (ಹಸಿರೆಲೆ ಗೊಬ್ಬರದ ಗಿಡ) ಬೀಜ ಚೆಲ್ಲಿ 45 ದಿನಕ್ಕೆ ಮಣ್ಣಿಗೆ ಸೇರಿಸಿದರೆ ಇನ್ನೂ ಒಳ್ಳೇದು, ಸಮಯ ಇದ್ದರೆ. ತಿಪ್ಪೆಗೊಬ್ಬರ ಎಕರೆಗೆ 10 ಟನ್ ಅಂತಾರೆ, ಅಷ್ಟು ಸಿಗೋದು ಕಷ್ಟ, ಸಾಲಿಗೆ ಮಾತ್ರ ಹಾಕಿ. ಪೂರ್ತಿ ಕಳಿತಿರಬೇಕು, ಹಸಿ ಗೊಬ್ಬರದಲ್ಲಿ ಕಳೆ ಬೀಜ ಇರುತ್ತೆ. ಘಟಕದಲ್ಲಿ ಗ್ಯಾಸ್ ತೆಗೆದ ಮೇಲೆ ಉಳಿಯೋ ಬಗ್ಗಡ ವಾಪಸ್ ಕೊಡ್ತಾರಾ ಅಂತಲೂ ಕೇಳಿ, ಹುಲ್ಲಿನ ಸತ್ವವೆಲ್ಲ ಅದರಲ್ಲೇ ಇರೋದು.

ಸಹಜ ಬೇಸಾಯ, ತಿ. ನರಸೀಪುರ · ಫೆಬ್ರವರಿ 25

ಗುಂಡಿಯ ವಿವರ ಓದಿದೆ. ಅಂಥ ನೆಲಕ್ಕೆ ಒಂದು ಸಲ ಸೀಳುವುದು ತಪ್ಪಲ್ಲ, ಒಪ್ಪುತ್ತೇನೆ. ಆಮೇಲೆ ಮಾತ್ರ ಮುಟ್ಟಬೇಡಿ. ಸಾಲಿನ ನಡುವೆ ಅಲಸಂದೆ ಹಾಕಿ, ನೆಲ ಮುಚ್ಚುತ್ತೆ, ಕಳೆ ಕಮ್ಮಿಯಾಗುತ್ತೆ.

ಪಾಂಡವಪುರದ ಗದ್ದೆ · ನವೆಂಬರ್ 16

ತಡವಾಗಿ ಬರೀತಿದ್ದೀನಿ, ಆದರೆ ಎಣಿಸಿ ಬರೀತಿದ್ದೀನಿ.

ಏಪ್ರಿಲ್ ಎರಡನೇ ವಾರ ಸಬ್‌ಸಾಯಿಲರ್ ಹೊಡೆಸಿದೆ. ಪದರ ಒಡೆಯೋ ಸದ್ದು ಬದುವಿನ ಮೇಲೆ ನಿಂತರೂ ಕೇಳುತ್ತಿತ್ತು, ಒಂದೊಂದು ಹೆಂಟೆ ಅಡಿಪಾಯದ ಕಲ್ಲಿನ ಗಾತ್ರ. ಅಮ್ಮ ಬಂದು ನೋಡಿ, ಗದ್ದೆ ಹಾಳು ಮಾಡಿದೆ ಅಂತ ಬೇಜಾರು ಮಾಡಿಕೊಂಡರು. ಮೇ ಮಳೆಗೆ ಹೆಂಟೆ ತಾನಾಗೇ ಕರಗಿತು. ಕಳೆಯನ್ನ ಎರಡು ಸಲ ಕುಂಟೆಯಲ್ಲಿ ಕೆರೆದೆ. ಡಯಂಚಕ್ಕೆ ಸಮಯ ಸಿಗಲಿಲ್ಲ. ಜೂನ್ ಕೊನೆಗೆ ಎತ್ತರದ ಸಾಲು ತೆಗೆದು, ಎರಡು ಗೆಣ್ಣಿನ ಕಡ್ಡಿ, ಒಂದು ಗೆಣ್ಣು ಮಣ್ಣೊಳಗೆ, ಓರೆಯಾಗಿ ಊರಿ ಕಾಲಿನಿಂದ ಅದುಮಿಸಿದೆ. ಕಡ್ಡಿಯ ಬುಡ ಅದುಮೋದಕ್ಕೆ ಅಂತಲೇ ಇಬ್ಬರು ಆಳು. ಅಮೆರಿಕದ ಅಣ್ಣ ಹೇಳಿದ ಮಾತು ಅದು, ಥ್ಯಾಂಕ್ಸ್.

ತಮ್ಮ ಮಾತ್ರ ಒಪ್ಪಲಿಲ್ಲ. ಅವನ ಹಟಕ್ಕೆ ಮೇಲಿನ 10 ಗುಂಟೆಯನ್ನ ಬರೀ ರೋಟವೇಟರ್ ಹೊಡೆಸಿ ಅದೇ ದಿನ ಅದೇ ಕಡ್ಡಿ ಹಾಕಿದೆವು. ಇಪ್ಪತ್ತನೇ ದಿನ ಎಣಿಸಿದಾಗ ಎರಡೂ ಕಡೆ ಹೆಚ್ಚುಕಮ್ಮಿ ಸಮ, ನೂರಕ್ಕೆ 94 ಇಲ್ಲಿ, 91 ಅಲ್ಲಿ. ತಮ್ಮ ನನ್ನ ಮುಖ ನೋಡಿದ. ಅರವತ್ತನೇ ದಿನ ಮತ್ತೆ ಎಣಿಸಿದೆವು. ಸೀಳಿದ ಕಡೆ 92. ರೋಟವೇಟರ್ ಕಡೆ 64. ನಡುವೆ ಒಂದು ವಾರ ಬಿಡದೆ ಮಳೆ ಬಂದಿತ್ತು, ಆಮೇಲೆ ಮೂರು ವಾರ ಬಿಸಿಲು. ಮಳವಳ್ಳಿ ಅಣ್ಣ ಹೇಳಿದ ಹಾಗೇ, ಮೊದಲು ಕೊಳೀತು, ಉಳಿದದ್ದು ಬಾಡಿತು.

ಮೊನ್ನೆ ಒಂದು ಬುಡದ ಪಕ್ಕ ಗುಂಡಿ ತೋಡಿ ನೋಡಿದೆ. ಬೇರು ಸೀಳಿನಗುಂಟ ಎರಡು ಅಡಿ ಇಳಿದಿದೆ. ಅಮ್ಮನನ್ನೂ ಕರೆದು ತೋರಿಸಿದೆ.

ಈಗ ಆ 10 ಗುಂಟೆ ಏನು ಮಾಡಲಿ? ಸಾಲಿನ ನಡುವೆ ಸಬ್‌ಸಾಯಿಲರ್ ಎಳೆಯಬಹುದಾ?

ಮಳವಳ್ಳಿ ಕಬ್ಬು · ನವೆಂಬರ್ 16

ಬೇಡ. ಇರೋ ಬೇರೂ ಹರಿದುಹೋಗ್ತದೆ, ಹಸಿ ನೆಲ ಬೇರೆ. ಈ ಬೇಸಿಗೆವರೆಗೆ ಅಲ್ಲಿ ಬಂದಷ್ಟು ಹಸುಗಳಿಗೆ ಕೊಯ್ದುಕೋ. ಏಪ್ರಿಲಲ್ಲಿ ಬುಡ ಕಿತ್ತು, ಒಣಗಿಸಿ, ಸೀಳಿಸು. ಕಡ್ಡಿಗೆ ದುಡ್ಡು ಕೊಡಬೇಕಾಗಿಲ್ಲ, ಕೆಳಗಿನ ನಿನ್ನ ಗದ್ದೆಯಲ್ಲೇ ನಾಲ್ಕು ಸಾಲು ಕೊಯ್ಯದೆ ಬಿಟ್ಟು ಬಲಿಯಲು ಬಿಡು. ತಮ್ಮನನ್ನೂ ಜೊತೆಗೆ ಕರಕೊಂಡು ಹೋಗು.

ಪಾಂಡವಪುರದ ಗದ್ದೆ · ನವೆಂಬರ್ 17

ಅವನೇ ನಿನ್ನೆ ಸಂಜೆ ಹೋಗಿ ನಾಲ್ಕು ಸಾಲಿಗೆ ಗೂಟ ಹೊಡೆದು ಬಂದಿದ್ದಾನೆ ಅಣ್ಣ. ಪಕ್ಕದ ಗದ್ದೆಯವರೂ ಸಬ್‌ಸಾಯಿಲರ್‌ನವರ ನಂಬರ್ ಕೇಳಿ ಬರೆದುಕೊಂಡರು.